ಪೆಟ್ರೋಲ್ ಬೆಲೆ ಏರಿತೆಂದು ಕಾರು ಮಾರಬೇಕಾ?

ಪ್ರಶ್ನೆ: ಕೆಲಸದ ಮೇಲೆ ಹೊರದೇಶಕ್ಕೆ ಬಂದು ಎರಡು ವರ್ಷವಾಯಿತು. ನಾನು, ನನ್ನ ಗಂಡ, ಆರು ವರ್ಷದ ಮಗಳು. ಬಂದ ಎರಡನೇ ತಿಂಗಳಿಗೇ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆವು. ಸಾಲವೇನೂ ಇಲ್ಲ. ಅವರ ಆಫೀಸು 15 ಕಿಲೋಮೀಟರ್ ದೂರ. ಎಲ್ಲಾ ಸೇರಿ ತಿಂಗಳಿಗೆ ಸುಮಾರು 900 ಕಿಲೋಮೀಟರ್ ಓಡುತ್ತದೆ. ಈಗ ಪೆಟ್ರೋಲ್ ಬೆಲೆ ಏರುತ್ತಲೇ ಇದೆ. 'ಮಾರಿಬಿಡೋಣ, ರೈಲಿದೆ, ಬಸ್ಸಿದೆ' ಅನ್ನುತ್ತಾರೆ ಅವರು. ರಾತ್ರಿ ಹೊತ್ತು ಮಗುವಿಗೆ ಜ್ವರ ಬಂದರೆ ಏನು ಮಾಡೋದು ಅನ್ನುವುದು ನನ್ನ ಭಯ. ಇನ್ನೂ ಮೂರು ವರ್ಷ ಇಲ್ಲೇ ಇರುವ ಯೋಚನೆ ಇದೆ. ನಮ್ಮಂಥವರಿಗೆ ಕಾರು ನಿಜವಾಗಿ ಬೇಕಾ, ಮೇಡಂ?

ಉತ್ತರ: ನೀವು ಯಾವ ದೇಶದಲ್ಲಿದ್ದೀರಿ ಅಂತ ಬರೆದಿಲ್ಲ. ಪರವಾಗಿಲ್ಲ. ದೇಶದ ಹೆಸರಿಲ್ಲದಿದ್ದರೂ ಲೆಕ್ಕ ಹಾಕಲು ಒಂದು ದಾರಿ ಇದೆ. ರೂಪಾಯಿ, ಡಾಲರ್, ದಿರ್ಹಮ್ ಎಲ್ಲ ಬಿಟ್ಟು ಖರ್ಚನ್ನೆಲ್ಲಾ ಪೆಟ್ರೋಲಿನ ಲೀಟರ್‌ಗಳಲ್ಲೇ ಅಳೆಯೋಣ. ಅಂದರೆ, ಬೆಲೆ ಏರುವ ಮೊದಲು ಒಂದು ಲೀಟರಿಗೆ ನೀವು ಎಷ್ಟು ಕೊಡುತ್ತಿದ್ದಿರೋ ಅಷ್ಟು ದುಡ್ಡು ನಮ್ಮ ಅಳತೆಗೋಲು.

ನಿಮ್ಮ ಕಾರು ನೂರು ಕಿಲೋಮೀಟರಿಗೆ 8 ಲೀಟರ್ ಕುಡಿಯುತ್ತದೆ ಅಂದುಕೊಳ್ಳುತ್ತೇನೆ. 900 ಕಿಲೋಮೀಟರಿಗೆ 72 ಲೀಟರ್ ಆಯಿತು. ಇನ್ನು ಬಂಕಿನಲ್ಲಿ ಕಾಣದ ಖರ್ಚುಗಳು. ಕಾರನ್ನು ಇವತ್ತು ಮಾರಿದರೆ 8,000 ಲೀಟರಿನ ದುಡ್ಡು ಬರುತ್ತದೆ, ಮೂರು ವರ್ಷ ಬಿಟ್ಟು ಮಾರಿದರೆ 4,400 ಲೀಟರಿನದು ಅಂತಿಟ್ಟುಕೊಳ್ಳಿ. ನಡುವೆ ಕರಗಿದ 3,600ನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 100. ಇನ್ಶೂರೆನ್ಸ್ ತಿಂಗಳಿಗೆ 50, ಪಾರ್ಕಿಂಗ್ 40, ಸರ್ವಿಸ್, ಟೈರು, ನೋಂದಣಿ ಎಲ್ಲಾ ಸೇರಿ 40. ಓಡಲಿ ಬಿಡಲಿ, ಈ 230 ಲೀಟರು ಹೋಗುವುದೇ. ಪೆಟ್ರೋಲ್ ಸೇರಿಸಿದರೆ ಒಟ್ಟು 302.

ಇವು ನಾನು ಹಾಕಿಕೊಂಡ ಅಂಕಿಗಳು. ನಿಮ್ಮ ರಸೀದಿಗಳನ್ನು ಮುಂದಿಟ್ಟುಕೊಂಡು ನಿಮ್ಮದನ್ನು ತುಂಬಿಸಿಕೊಳ್ಳಿ. ಸ್ವಲ್ಪ ಆಚೆ ಈಚೆ ಆದೀತು, ಕಥೆ ಹೆಚ್ಚು ಬದಲಾಗುವುದಿಲ್ಲ.

ಈಗ ಪೆಟ್ರೋಲ್ ನೂರಕ್ಕೆ 20ರಷ್ಟು ಏರಿತು ಅಂದುಕೊಳ್ಳಿ. ನಿಮಗೆ ಬೀಳುವ ಹೊರೆ ಎಷ್ಟು? 14 ಲೀಟರಿಗಿಂತ ಒಂಚೂರು ಜಾಸ್ತಿ. 302ರ ಮುಂದೆ ಅದು ನೂರಕ್ಕೆ ಐದೂ ಇಲ್ಲ. ಬಂಕಿನಲ್ಲಿ ಮೀಟರ್ ಓಡುವುದು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಹೊಟ್ಟೆ ಉರಿಯುತ್ತದೆ. ಮನೆ ಮುಂದೆ ಸುಮ್ನೆ ನಿಂತ ಕಾರಿನ ಬೆಲೆ ಇಳಿಯುವುದಕ್ಕೆ ಮೀಟರ್ ಇಲ್ಲ. ಹಾಗಾಗಿ 'ಪೆಟ್ರೋಲ್ ಏರಿತು, ಕಾರು ಮಾರೋಣ' ಅನ್ನುವ ನಿಮ್ಮ ಯಜಮಾನರ ವಾದ ನನಗೆ ಅಷ್ಟು ಒಪ್ಪಿಗೆಯಿಲ್ಲ. ಆದರೆ ಈ ನೆಪದಲ್ಲಾದರೂ ಲೆಕ್ಕ ತೆಗೆದರಲ್ಲ, ಅದು ಒಳ್ಳೆಯದೇ ಆಯಿತು.

ಇನ್ನೊಂದು ಮಾತು. ಪೆಟ್ರೋಲ್ ಬೆಲೆ ಇವತ್ತಿನದು, ನಿಮ್ಮ ತೀರ್ಮಾನ ಮೂರು ವರ್ಷದ್ದು. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ 40ಕ್ಕಿಂತ ಕೆಳಗೆ ಬಿತ್ತು. 2020ರ ಏಪ್ರಿಲ್ 20ರಂದು ಅಮೆರಿಕದ ಮಾರುಕಟ್ಟೆಯಲ್ಲಿ ಬೆಲೆ ಸೊನ್ನೆಗಿಂತ ಕೆಳಗಿಳಿದದ್ದೂ ಉಂಟು. ಎರಡೇ ವರ್ಷ, 2022ರ ಜೂನ್‌ನಲ್ಲಿ ಅಲ್ಲಿನ ಜನ ಒಂದು ಗ್ಯಾಲನ್ ಪೆಟ್ರೋಲಿಗೆ, ಅಂದರೆ ಸುಮಾರು 3.8 ಲೀಟರಿಗೆ, ಸರಾಸರಿ 5 ಡಾಲರ್ ಕೊಡುತ್ತಿದ್ದರು.

ಏರಿಕೆಯ ಪೆಟ್ಟೂ ಎಲ್ಲಾ ಕಡೆ ಒಂದೇ ಅಲ್ಲ. ಬ್ರಿಟನ್ನಿನಂಥ ದೇಶಗಳಲ್ಲಿ ಲೀಟರಿನ ಬೆಲೆಯಲ್ಲಿ ದೊಡ್ಡ ಪಾಲು ತೆರಿಗೆ. ಅಲ್ಲಿ 2022ರ ಮಾರ್ಚ್‌ನಲ್ಲಿ ಇಳಿಸಿದ ಮೇಲೂ ಲೀಟರಿಗೆ 52.95 ಪೆನ್ಸ್ ಸುಂಕ ಉಳಿಯಿತು, ಅದರ ಮೇಲೆ ನೂರಕ್ಕೆ 20ರ ವ್ಯಾಟ್ ಬೇರೆ. ಅಮೆರಿಕದ ಕೇಂದ್ರ ಸರ್ಕಾರದ ತೆರಿಗೆ 1993ರಿಂದಲೂ ಗ್ಯಾಲನ್‌ಗೆ ಬರೀ 18.4 ಸೆಂಟ್ಸ್. ತೆರಿಗೆ ಜಾಸ್ತಿ ಇರುವ ಕಡೆ ಬೆಲೆ ಯಾವಾಗಲೂ ದುಬಾರಿ, ಆದರೆ ಕಚ್ಚಾ ತೈಲ ಜಿಗಿದಾಗ ಬಂಕಿನ ಬೆಲೆ ಅಷ್ಟಾಗಿ ಜಿಗಿಯುವುದಿಲ್ಲ. ತೆರಿಗೆ ಕಡಿಮೆ ಇರುವ ಕಡೆ ಪೂರ್ತಿ ಪೆಟ್ಟು ತಟ್ಟುತ್ತದೆ. ಯುಎಇಯಲ್ಲಿ 2015ರ ಆಗಸ್ಟ್‌ನಿಂದ ತಿಂಗಳಿಗೊಮ್ಮೆ ಹೊಸ ಬೆಲೆ ಹೇಳುತ್ತಾರೆ. ಹಾಗಾಗಿ ಅಲ್ಲಿರುವವರಿಗೆ ತಿಂಗಳಿಗೊಮ್ಮೆ ಕಾರು ಮಾರುವ ಯೋಚನೆ ಬರುತ್ತದೆ, ಪಾಪ.

ಸರಿ, ಬೆಲೆಯ ಮಾತು ಸಾಕು. ನಿಮ್ಮ 900 ಕಿಲೋಮೀಟರ್ ಎಲ್ಲಿ ಹೋಗುತ್ತಿದೆ ನೋಡಿ. ಆಫೀಸಿಗೆ ಹೋಗಿ ಬರಲು ದಿನಕ್ಕೆ 30, ತಿಂಗಳಲ್ಲಿ 22 ದಿನ. 660 ಅಲ್ಲೇ ಆಯಿತು. ಉಳಿದದ್ದು 240. ಅಂದರೆ ಮನೆಯ ಸಾಮಾನು, ಮಗಳ ಓಡಾಟ, ಶನಿವಾರ ಭಾನುವಾರದ ಸುತ್ತಾಟ.

ಹಗಲೆಲ್ಲಾ ಆ ಕಾರು ಎಲ್ಲಿರುತ್ತದೆ? ಆಫೀಸಿನ ಪಾರ್ಕಿಂಗ್‌ನಲ್ಲಿ. ಗಂಟೆಗೆ ಸರಾಸರಿ 35 ಕಿಲೋಮೀಟರ್ ಲೆಕ್ಕ ಹಿಡಿದರೆ 900 ಕಿಲೋಮೀಟರಿಗೆ ತಿಂಗಳಲ್ಲಿ ಓಡುವುದು 26 ಗಂಟೆ, ತಿಂಗಳಿಗಿರುವುದು 720 ಗಂಟೆ. ಕಾರು ಆಫೀಸಿನಲ್ಲಿ ನಿಂತ ಹೊತ್ತಲ್ಲಿ ನೀವು ಮತ್ತು ಮಗಳು ಮನೆಯಲ್ಲಿ, ಕಾರಿಲ್ಲದೆ. ಇದನ್ನು ನಾನು ಮನೆ ಮನೆಯಲ್ಲೂ ನೋಡಿದ್ದೇನೆ. ಕಾರಿನ ಅಗತ್ಯ ಹೆಚ್ಚಿರುವವರು ಮನೆಯಲ್ಲಿರುತ್ತಾರೆ. ರೈಲು ಮನೆ ಹತ್ತಿರದಿಂದಲೇ ಹೊರಡುವವರು ಕಾರಿನಲ್ಲಿ ಹೋಗುತ್ತಾರೆ. ನಿಮ್ಮಿಬ್ಬರ ಜಗಳ 'ಕಾರು ಬೇಕೋ ಬೇಡವೋ' ಅಂತ ಇದೆ. ಅದಕ್ಕಿಂತ ಮೊದಲು 'ಕಾರು ಯಾರಿಗೆ' ಅಂತ ಕೇಳಿಕೊಳ್ಳಿ.

ಅವರು ರೈಲಿನಲ್ಲಿ ಹೋಗಿ, ಕಾರು ಮನೆಯಲ್ಲಿ ಉಳಿದರೆ? ಇಲ್ಲೊಂದು ವಿಚಿತ್ರ ಇದೆ. ಕಾರು ತಿಂಗಳಿಗೆ 240 ಕಿಲೋಮೀಟರ್ ಓಡುತ್ತದೆ, ಪೆಟ್ರೋಲ್ 19 ಲೀಟರಿಗೆ ಇಳಿಯುತ್ತದೆ. ಆದರೆ ಆ 230 ಹಾಗೇ ಕೂತಿರುತ್ತದೆ. ಒಟ್ಟು 249 ಲೀಟರಿನ ದುಡ್ಡಿಗೆ 240 ಕಿಲೋಮೀಟರ್. ಕಿಲೋಮೀಟರಿಗೆ ಒಂದು ಲೀಟರಿಗಿಂತ ಜಾಸ್ತಿ! ಮೊದಲು 900 ಓಡಿಸುವಾಗ ಅದು ಲೀಟರಿನ ಮೂರನೇ ಒಂದು ಭಾಗವಾಗಿತ್ತು. ಕಡಿಮೆ ಓಡಿಸಿದಷ್ಟೂ ಒಂದೊಂದು ಕಿಲೋಮೀಟರ್ ದುಬಾರಿ.

ಈಗ ನಿಮ್ಮ ಊರಿನ ಟ್ಯಾಕ್ಸಿ ದರ ನೋಡಿ. ಕಿಲೋಮೀಟರಿಗೆ ಅದು ತಗೊಳ್ಳುವ ದುಡ್ಡಿಗೆ ಎಷ್ಟು ಲೀಟರ್ ಪೆಟ್ರೋಲ್ ಬರುತ್ತದೆ? ಒಂದು ಲೀಟರಿನ ಆಸುಪಾಸು ಇದ್ದರೆ ಟ್ಯಾಕ್ಸಿಯೂ ನಿಮ್ಮ ಕಾರೂ ಸರಿಸಮ. ಮೂರು ಲೀಟರ್ ಆದರೆ ಕಾರು ಇಟ್ಟುಕೊಳ್ಳಿ, ಯೋಚನೆಯೇ ಬೇಡ. ಒಂದೂವರೆ, ಎರಡು ಆದರೆ ದುಡ್ಡಿನ ಪ್ರಶ್ನೆ ಮುಗಿಯಿತು, ಇನ್ನು ಅನುಕೂಲದ ಪ್ರಶ್ನೆ. ಯಾಕೆಂದರೆ 240ರಲ್ಲಿ ಸ್ವಲ್ಪ ಬಸ್ಸಿಗೆ ಹೋಗುತ್ತದೆ, ಸ್ವಲ್ಪ ನಡಿಗೆಗೆ ಹೋಗುತ್ತದೆ, ಇನ್ನಷ್ಟು ಹೇಗೂ ಬೇಡದ ಓಡಾಟ. ದೂರದ ಪ್ರವಾಸಕ್ಕೆ ಎರಡು ದಿನದ ಮಟ್ಟಿಗೆ ಬಾಡಿಗೆ ಕಾರು ಸಿಗುತ್ತದೆ.

ರೈಲಿನ ಪಾಸ್ ಅಗ್ಗವಾಗಿದ್ದರೆ ತಕ್ಕಡಿ ಇನ್ನೂ ವಾಲುತ್ತದೆ. ಲಕ್ಸೆಂಬರ್ಗ್‌ನಲ್ಲಿ 2020ರ ಫೆಬ್ರವರಿ 29ರಿಂದ ದೇಶದೊಳಗಿನ ಬಸ್ಸು, ಟ್ರಾಮು, ಎರಡನೇ ದರ್ಜೆಯ ರೈಲು ಎಲ್ಲಾ ಪುಕ್ಕಟೆ. ಎಸ್ಟೋನಿಯಾದ ತಾಲಿನ್ ನಗರದಲ್ಲಿ ನಿವಾಸಿ ಅಂತ ನೋಂದಾಯಿಸಿಕೊಂಡವರಿಗೆ 2013ರಿಂದ ಟಿಕೆಟ್ ಇಲ್ಲ. ಜರ್ಮನಿಯಲ್ಲಿ 2022ರಲ್ಲಿ ಇಂಧನ ದುಬಾರಿಯಾದಾಗ ಮೂರು ತಿಂಗಳ ಮಟ್ಟಿಗೆ, ತಿಂಗಳಿಗೆ 9 ಯೂರೋದಂತೆ ಟಿಕೆಟ್ ಕೊಟ್ಟರು. ಅದರ ಬೆನ್ನಿಗೇ 2023ರ ಮೇನಲ್ಲಿ ದೇಶವಿಡೀ ನಡೆಯುವ 49 ಯೂರೋ ಮಾಸಿಕ ಪಾಸ್ ಬಂತು. 2025ರಲ್ಲಿ ಅದು 58, 2026ರಲ್ಲಿ 63 ಆಯಿತು, ಆದರೂ ಕಾರಿನ ಮುಂದೆ ಅಗ್ಗವೇ. ಕೊಲ್ಲಿ ದೇಶಗಳಲ್ಲೂ ಹಳೆಯ ಕಾಲ ಇಲ್ಲ. ದುಬೈ ಮೆಟ್ರೋ 2009ರಲ್ಲಿ ಶುರುವಾಯಿತು, ದೋಹಾದ್ದು 2019ರಲ್ಲಿ, ರಿಯಾದಿನದ್ದು 2024ರ ಡಿಸೆಂಬರಿನಲ್ಲಿ.

ಆದರೆ ಮೆಟ್ರೋ ಇದ್ದ ಮಾತ್ರಕ್ಕೆ ಆಯಿತೇ? ಮನೆಯಿಂದ ಸ್ಟೇಷನ್‌ವರೆಗಿನ ದಾರಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಹೊರಗಿನ ಕೆಲಸ ಮಾಡಿಸಬಾರದು ಅಂತ ನಿಯಮವೇ ಇದೆ. ಅಂಥ ಬಿಸಿಲಲ್ಲಿ ಆರು ವರ್ಷದ ಮಗುವಿನ ಕೈ ಹಿಡಿದು ಹದಿನೈದು ನಿಮಿಷ ನಡೀರಿ ಅಂತ ನಾನು ಹೇಳಲಾರೆ. ಅಮೆರಿಕದ ಎಷ್ಟೋ ಹೊರವಲಯಗಳಲ್ಲಿ ಬಿಸಿಲಿಲ್ಲದಿದ್ದರೂ ಫುಟ್‌ಪಾತೇ ಇಲ್ಲ. ಅದೇ ದೇಶದ ನ್ಯೂಯಾರ್ಕ್ ನಗರದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಕಾರಿಲ್ಲ. ಅಲ್ಲಿ ಮ್ಯಾನ್‌ಹಟನ್ನಿನ ಕೆಳಭಾಗಕ್ಕೆ ಕಾರು ಹೊಕ್ಕರೆ 2025ರ ಜನವರಿಯಿಂದ ಶುಲ್ಕವನ್ನೂ ಕಟ್ಟಬೇಕು. ಒಂದೇ ದೇಶ, ಎರಡು ಉತ್ತರ. ಅದಕ್ಕೇ 'ಇಲ್ಲಿ ಕಾರಿಲ್ಲದೆ ಆಗೋದೇ ಇಲ್ಲ' ಅನ್ನುವ ಪರಿಚಿತರ ಮಾತನ್ನು ಪೂರ್ತಿ ನಂಬಬೇಡಿ. ಅವರ ಮನೆ ಇರುವ ಜಾಗದಲ್ಲಿ ಆಗದಿರಬಹುದು.

ಮನೆ ಅಂದಾಗ ನೆನಪಾಯಿತು. ಬಾಡಿಗೆ ಕಡಿಮೆ ಅಂತ ಊರಾಚೆ ಮನೆ ಹಿಡಿದು, ಅಲ್ಲಿಗೆ ಬಸ್ಸಿಲ್ಲ ಅಂತ ಕಾರು ತಗೊಳ್ಳುವವರು ಬಹಳ. ಉಳಿಸಿದ ಬಾಡಿಗೆ ಕಾರಿಗೆ ಹೋಗುತ್ತದೆ, ಜೊತೆಗೆ ದಿನಕ್ಕೆ ಒಂದೂವರೆ ಗಂಟೆ ರಸ್ತೆಗೆ. ನಿಮ್ಮ ಬಾಡಿಗೆ ಕರಾರು ಯಾವಾಗ ಮುಗಿಯುತ್ತದೆ? ಸ್ಟೇಷನ್ ಹತ್ತಿರದ ಮನೆಗೆ ತಿಂಗಳಿಗೆ ನೂರೈವತ್ತು ಲೀಟರಿನಷ್ಟು ಬಾಡಿಗೆ ಜಾಸ್ತಿ ಕೊಟ್ಟರೂ, ಕಾರು ಬಿಟ್ಟರೆ ಟ್ಯಾಕ್ಸಿ ಮತ್ತು ಪಾಸಿಗೆ ಇನ್ನೂ ನೂರೈವತ್ತು ಉಳಿದಿರುತ್ತದೆ. ಹೊಸದಾಗಿ ಹೊರದೇಶಕ್ಕೆ ಹೊರಟವರು ಕೇಳಿದರೆ ನಾನು ಹೇಳುವುದು ಇಷ್ಟೇ: ಮೊದಲು ಮನೆ, ಆರು ತಿಂಗಳು ಬಿಟ್ಟು ಕಾರಿನ ಮಾತು. ನಾನು ಸ್ವತಃ ಇದನ್ನು ಪಾಲಿಸಲಿಲ್ಲ ಬಿಡಿ. ಹೊರಗೆ ಹೋದ ಮೂರನೇ ವಾರಕ್ಕೇ ಕಾರು ತಗೊಂಡಿದ್ದೆ. ಹೊರದೇಶದಲ್ಲಿದ್ದು ಕಾರೂ ಇಲ್ವಾ ಅಂತ ಯಾರಾದರೂ ಕೇಳಿಯಾರು ಅನ್ನುವ ಅಂಜಿಕೆ. ಯಾರೂ ಕೇಳಲಿಲ್ಲ. ವಾಪಸ್ ಹೊರಡುವ ವಾರ ಅದನ್ನು ಮಾರಲು ಪಟ್ಟ ಪಾಡು ಮಾತ್ರ ಮರೆತಿಲ್ಲ. ಕೊಳ್ಳಲು ಬಂದವನು ಕಾರು ನೋಡುವ ಮೊದಲೇ 'ನಿಮ್ಮ ವಿಮಾನ ಯಾವಾಗ?' ಅಂತ ಕೇಳಿದ್ದ.

ಹೊರದೇಶದಲ್ಲಿರುವವರ ಕಾರಿಗೂ ಸ್ಥಳೀಯರ ಕಾರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಮಾರುವ ದಿನವನ್ನು ನೀವು ಆರಿಸುವುದಿಲ್ಲ, ವೀಸಾ ಆರಿಸುತ್ತದೆ. ಅಮೆರಿಕದಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲಿರುವವರ ಕೆಲಸ ಹೋದರೆ ಸಿಗುವ ಅವಕಾಶ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಕೆಲಸ ಹುಡುಕುತ್ತೀರೋ, ಮನೆ ಖಾಲಿ ಮಾಡುತ್ತೀರೋ, ಕಾರಿಗೆ ಗಿರಾಕಿ ಹುಡುಕುತ್ತೀರೋ? ತೈಲದ ದುಡ್ಡಿನ ಮೇಲೆ ನಿಂತ ದೇಶಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ತೈಲದ ಬೆಲೆ ಬಿದ್ದಾಗಲೇ ಕೆಲಸಗಳು ಹೋಗುತ್ತವೆ. 2014ರ ನಂತರ ಹೀಗೇ ಆಯಿತು. ಎಲ್ಲರೂ ಒಟ್ಟಿಗೆ ಕಾರು ಮಾರಲು ಬಂದರೆ ಬೆಲೆ ಎಲ್ಲಿಂದ ಬರಬೇಕು? ನಿಮಗೆ ಸಾಲ ಇಲ್ಲದಿರುವುದು ದೊಡ್ಡ ನೆಮ್ಮದಿ. ಕೊಲ್ಲಿಯಲ್ಲಿ ಸಾಲ ಬಾಕಿ ಇಟ್ಟವರಿಗೆ ದೇಶ ಬಿಡಲು ತಡೆ ಬೀಳುವುದೂ ಉಂಟು.

ಹಾಗೆ ನೋಡಿದರೆ ಪೆಟ್ರೋಲ್ ಏರಿರುವ ಈ ಹೊತ್ತು ಮಾರುವವರಿಗೆ ಅಷ್ಟು ಕೆಟ್ಟದ್ದಲ್ಲ. ನಿಮ್ಮದು ಕಡಿಮೆ ಕುಡಿಯುವ ಸಣ್ಣ ಕಾರಾದರೆ ಈಗ ಅದನ್ನು ಕೇಳುವವರು ಹೆಚ್ಚು. ದೊಡ್ಡ ಎಸ್‌ಯುವಿ ಆದರೆ ಉಲ್ಟಾ, ಸ್ವಲ್ಪ ಕಾಯಬಹುದು.

ನೆನಪಿಡಿ, ಲೆಕ್ಕ ಇವತ್ತಿನಿಂದ ಮುಂದಕ್ಕೆ ಮಾತ್ರ. ಎರಡು ವರ್ಷದ ಹಿಂದೆ ಎಷ್ಟಕ್ಕೆ ತಗೊಂಡಿರಿ ಅನ್ನುವುದನ್ನು ಮರೆತುಬಿಡಿ. ಹೊಸ ಕಾರಿನ ಬೆಲೆ ಮೊದಲ ವರ್ಷಗಳಲ್ಲೇ ಜೋರಾಗಿ ಇಳಿಯುತ್ತದೆ, ಆಮೇಲೆ ನಿಧಾನ. ನಿಮ್ಮದು ಎಂಟು ಹತ್ತು ವರ್ಷ ಹಳೆಯದಾಗಿದ್ದರೆ ನಾನು ಹಾಕಿದ ಆ 100 ಲೀಟರು ಮೂವತ್ತಕ್ಕೋ ನಲವತ್ತಕ್ಕೋ ಇಳಿಯಬಹುದು. ಆಗ ಇಟ್ಟುಕೊಳ್ಳುವುದೇ ಜಾಣತನ ಆದೀತು. ರಿಪೇರಿ ಖರ್ಚು ಅದನ್ನು ನುಂಗದಿದ್ದರೆ.

ಇನ್ನು ನಿಮ್ಮ ಭಯದ ಮಾತು. ರಾತ್ರಿ ಎರಡು ಗಂಟೆಗೆ ಮಗುವಿಗೆ ಜ್ವರ. ಇದು ಹುಸಿ ಭಯ ಅಂತ ನಾನು ಹೇಳುವುದಿಲ್ಲ, ನಾನೂ ತಾಯಿ. ಆದರೆ ಎರಡು ವರ್ಷದಲ್ಲಿ ಹಾಗೆ ಎಷ್ಟು ಸಲ ಆಯಿತು ಅಂತ ಕೂತು ನೆನಪಿಸಿಕೊಳ್ಳಿ. ನಿಜವಾಗಿ ಉಸಿರಾಟದ ತೊಂದರೆಯಂಥದ್ದು ಆದರೆ ಗಾಬರಿಯಲ್ಲಿರುವ ಅಪ್ಪನೋ ಅಮ್ಮನೋ ಕಾರು ಓಡಿಸುವುದಕ್ಕಿಂತ ಆಂಬುಲೆನ್ಸ್ ಮೇಲು. ಯುರೋಪಿನಲ್ಲಿ 112, ಅಮೆರಿಕದಲ್ಲಿ 911, ಯುಎಇಯಲ್ಲಿ 998. ಅಮೆರಿಕದಲ್ಲಿ ಅದರ ಬಿಲ್ಲು ಎದೆ ಒಡೆಯುವಂತೆ ಬರಬಹುದು, ಹಾಗಾಗಿ ಇನ್ಶೂರೆನ್ಸ್‌ನಲ್ಲಿ ಅದು ಸೇರಿದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಸುಮ್ಮನೆ ಜ್ವರವಾದರೆ ಟ್ಯಾಕ್ಸಿ ಸಾಕು. ನಿಮ್ಮ ಬೀದಿಗೆ ರಾತ್ರಿ ಎರಡಕ್ಕೆ ಟ್ಯಾಕ್ಸಿ ಎಷ್ಟು ಹೊತ್ತಲ್ಲಿ ಬರುತ್ತದೆ? ಇದನ್ನು ಊಹಿಸಬೇಡಿ. ಎಚ್ಚರವಾದ ಒಂದು ರಾತ್ರಿ ಆ್ಯಪ್ ತೆಗೆದು ನೋಡಿ, ಹೇಳುತ್ತದೆ. ಹತ್ತು ನಿಮಿಷ ಅಂದರೆ ಭಯ ಅರ್ಧ ಇಳಿಯುತ್ತದೆ. ಒಂದೂ ಟ್ಯಾಕ್ಸಿ ಇಲ್ಲ ಅಂದರೆ ನಿಮ್ಮ ಮಾತೇ ಸರಿ, ಕಾರು ಇರಲಿ. ಮಗುವಿಗೆ ಆಸ್ತಮಾದಂಥ ಕಾಯಿಲೆ ಇದ್ದರೂ ಅಷ್ಟೇ. ಅಂಥ ಮನೆಯಲ್ಲಿ ಲೀಟರ್ ಲೆಕ್ಕ ಬೇಡ.

ಹಾಗಾದರೆ ಈಗೇನು ಮಾಡೋದು? ಮಾರುವ ಮೊದಲು ಎರಡು ವಾರ ಕಾರು ಮಾರಿದವರ ಹಾಗೆ ಇದ್ದು ನೋಡಿ. ಕೀಲಿಯನ್ನು ಬೀರುವಿನೊಳಗೆ ಇಡಿ. ತೀರಾ ಬೇಕಾದರೆ ತೆಗೆಯಿರಿ, ಹಠ ಬೇಡ. ಆದರೆ ಪ್ರತಿ ಸಲ ತೆಗೆದಾಗಲೂ ಯಾಕೆ ತೆಗೆದಿರಿ ಅಂತ ಒಂದು ಸಾಲು ಬರೆಯಿರಿ. ಶಾಲೆಗೆ ರಜೆ ಇರುವ ವಾರ ಇದನ್ನು ಮಾಡಬೇಡಿ, ಸುಳ್ಳು ಉತ್ತರ ಬರುತ್ತದೆ. ಕಡು ಬೇಸಿಗೆಯೋ ಕಡು ಚಳಿಯೋ ಇರುವ ವಾರ ಮಾಡಿದರೆ ಇನ್ನೂ ಒಳ್ಳೆಯದು. ಕೊನೆಗೆ ಪಟ್ಟಿ ನೋಡಿ. ನನ್ನ ಬಳಿ ಬಂದ ಪಟ್ಟಿಗಳಲ್ಲಿ ಆಸ್ಪತ್ರೆ ಕಡಿಮೆ. ವಾರದ ಸಾಮಾನು ಮತ್ತು ದೂರದಲ್ಲಿರುವ ಸ್ನೇಹಿತರ ಮನೆ, ಇವೆರಡೇ ಜಾಸ್ತಿ. ಸಾಮಾನು ಮನೆಗೇ ತರಿಸಬಹುದು. ಸ್ನೇಹಿತರ ವಿಷಯ ಬೇರೆ. ಹೊರದೇಶದಲ್ಲಿ ಆ ನಾಲ್ಕು ಜನವೇ ಬಳಗ. ಅಲ್ಲಿಂದ ರಾತ್ರಿ ಹತ್ತಕ್ಕೆ ಬಸ್ಸಿಲ್ಲ ಅಂತ ಹೋಗುವುದನ್ನೇ ಬಿಟ್ಟರೆ ಆ ಉಳಿತಾಯ ನನಗೆ ಬೇಡ. ವಾರಕ್ಕೊಂದು ಟ್ಯಾಕ್ಸಿ ಅದಕ್ಕೇ ಅಂತ ಮೀಸಲಿಡಿ.

ನಿಮ್ಮ ಪತ್ರ ಓದಿ ನನಗನ್ನಿಸಿದ್ದು ಹೇಳುತ್ತೇನೆ. ರೈಲು ನಿಜಕ್ಕೂ ಆಫೀಸಿನ ಹತ್ತಿರ ಹೋಗುವುದಾದರೆ ನಿಮ್ಮ ಯಜಮಾನರು ನಾಳೆಯಿಂದಲೇ ರೈಲು ಹತ್ತಲಿ. ಮಾರುವ ಮಾತು ಎತ್ತಿದವರು ಮೊದಲು ಬಿಟ್ಟು ತೋರಿಸಬೇಕು, ಅಲ್ವಾ? ಕಾರು ಮೂರು ತಿಂಗಳು ನಿಮ್ಮ ಕೈಯಲ್ಲಿರಲಿ. ಆ 240 ಕಿಲೋಮೀಟರ್ ನಿಮ್ಮ ಓಡಾಟದಿಂದ ನಾನೂರಕ್ಕೆ ಏರಿದರೆ ಕಾರಿಗೆ ಕೆಲಸ ಇದೆ ಅಂತ ಅರ್ಥ. ಹತ್ತು ದಿನ ಅಲುಗಾಡದೆ ನಿಂತರೆ ಮಾರಿಬಿಡಿ, ಬೇಜಾರಿಲ್ಲದೆ. ನಿಮಗೆ ಅಲ್ಲಿನ ಲೈಸೆನ್ಸ್ ಇಲ್ಲದಿದ್ದರೆ ಮಾತ್ರ ಈ ಸಲಹೆ ನಡೆಯುವುದಿಲ್ಲ. ಆಗ ಕಾರು ಮನೆಯಲ್ಲಿ ನಿಂತ ಅಲಂಕಾರ ಅಷ್ಟೇ.

ಇಟ್ಟುಕೊಂಡರೆ ಪೆಟ್ರೋಲ್ ಉಳಿಸುವ ಉಪಾಯಗಳು ನಿಮಗೆ ಗೊತ್ತಿರುವವೇ. ಟೈರಿನಲ್ಲಿ ಗಾಳಿ ಸರಿಯಾಗಿರಲಿ, ಮೇಲಿನ ಕ್ಯಾರಿಯರ್ ಬೇಡದಿದ್ದರೆ ತೆಗೆದಿಡಿ, ನಾಲ್ಕು ಕೆಲಸ ಒಂದೇ ಸುತ್ತಿನಲ್ಲಿ ಮುಗಿಸಿ. ಹೆದ್ದಾರಿಯಲ್ಲಿ ವೇಗ ಇಳಿಸುವುದು ಎಲ್ಲಕ್ಕಿಂತ ದೊಡ್ಡದು. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ.

ಮಾರಿದರೆ ಎರಡು ಕೆಲಸ ಮರೆಯಬೇಡಿ. ಇಬ್ಬರಲ್ಲಿ ಯಾರ ಲೈಸೆನ್ಸ್ ಇನ್ನೂ ಅಲ್ಲಿನದಕ್ಕೆ ಬದಲಾಗಿಲ್ಲವೋ ಅವರು ಅದನ್ನು ಮಾಡಿಸಿಕೊಳ್ಳಲಿ. ಹೊರಗಿನ ಲೈಸೆನ್ಸ್‌ಗೆ ಗಡುವಿರುತ್ತದೆ. ಜರ್ಮನಿಯಲ್ಲಿ ನೆಲೆಸಿದ ಆರು ತಿಂಗಳು, ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು. ಗಡುವು ಮುಗಿದ ಮೇಲೆ ಅಲ್ಲಿನ ಲೈಸೆನ್ಸ್ ಇಲ್ಲದಿದ್ದರೆ ಬಾಡಿಗೆ ಕಾರೂ ಕೈಗೆ ಬರುವುದಿಲ್ಲ. ಇನ್ನೊಂದು, ಇನ್ಶೂರೆನ್ಸ್ ರದ್ದು ಮಾಡುವ ದಿನವೇ 'ಇಷ್ಟು ವರ್ಷ ಕ್ಲೇಮ್ ಇಲ್ಲ' ಅನ್ನುವ ಪತ್ರ ಕೇಳಿ ಪಡೆದುಕೊಳ್ಳಿ. ವರ್ಷ ಬಿಟ್ಟು ಮತ್ತೆ ಕಾರು ತಗೊಂಡರೆ, ಅಥವಾ ಬೇರೆ ದೇಶಕ್ಕೆ ಹೋದರೆ, ಕೆಲವು ಕಂಪನಿಗಳು ಆ ಒಂದು ಹಾಳೆ ನೋಡಿ ಕಂತು ಇಳಿಸುತ್ತವೆ. ಅದನ್ನು ಪಾಸ್‌ಪೋರ್ಟ್ ಇಡುವ ಫೈಲಿನಲ್ಲೇ ಇಡಿ.